ಮಾರೋಕೆ ಏನೂ ಇಲ್ಲದವರ ಸಲಹೆ

ನಮ್ಮ ಕಡೆ, ಅಂದ್ರೆ ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದ ಸುತ್ತಮುತ್ತ, ರೈತರಿಗೆ ಸಲಹೆ ಕೊಡೋರಿಗೇನೂ ಬರ ಇಲ್ಲ. ಗೊಬ್ಬರದ ಅಂಗಡಿಯವರು, ಔಷಧಿ ಕಂಪನಿ ಹುಡುಗರು, ಶುಂಠಿ ವ್ಯಾಪಾರಿಗಳು, ಈಗ ಯೂಟ್ಯೂಬ್ ಬೇರೆ. ಇವರೆಲ್ಲ ಕೆಟ್ಟವರು ಅಂತಲ್ಲ. ಆದ್ರೆ ಮಾತು ಮುಗಿಯೋ ಹೊತ್ತಿಗೆ ಒಂದು ಬಾಟ್ಲಿಯೋ ಮೂಟೆಯೋ ನಮ್ಮ ಕೈಲಿರುತ್ತೆ, ಅಷ್ಟೇ :-)

ಎಕ್ಸ್‌ಟೆನ್ಷನ್ ಅಂದ್ರೆ ನಮ್ಮಂಥ ಸಾಫ್ಟ್‌ವೇರಿನವರಿಗೆ ಫೈಲ್ ಹೆಸರಿನ ಬಾಲ. ಕೃಷಿ ವಿಶ್ವವಿದ್ಯಾಲಯದವರಿಗೆ ಅದು 'ವಿಸ್ತರಣೆ', ಅಂದ್ರೆ ಲ್ಯಾಬಿನಲ್ಲಿ ಗೊತ್ತಾಗಿದ್ದನ್ನ ಹೊಲಕ್ಕೆ ಮುಟ್ಟಿಸೋ ಕೆಲಸ. ಬೆಂಗಳೂರಿನ ಕೃಷಿ ವಿವಿ ಶುರುವಾಗಿದ್ದು 1964ರಲ್ಲಿ. ಮೈಸೂರಿನ ಹತ್ತಿರ ನಾಗನಹಳ್ಳಿಯಲ್ಲಿ ಕೃಷಿ ವಿವಿಯ ವಿಸ್ತರಣಾ ಘಟಕ ಇದೆ. ಸುತ್ತೂರಿನಲ್ಲಿ ಜೆಎಸ್ಎಸ್‌ನವರ ಕೃಷಿ ವಿಜ್ಞಾನ ಕೇಂದ್ರ. ಕೊಪ್ಪದ ಸೇತುವೆ ದಾಟಿ ಕೊಡಗಿಗೆ ಹೋದ್ರೆ ಚೆಟ್ಟಳ್ಳಿಯಲ್ಲಿ ತೋಟಗಾರಿಕಾ ಪ್ರಯೋಗ ಕೇಂದ್ರ, ಗೋಣಿಕೊಪ್ಪಲಿನಲ್ಲಿ ಇನ್ನೊಂದು ವಿಜ್ಞಾನ ಕೇಂದ್ರ. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಬಂದಿದ್ದು 1974ರಲ್ಲಿ, ಪುದುಚೇರಿಯಲ್ಲಿ.

ಇವರ ಕೆಲಸದ ರೀತಿ ನಂಗೆ ಇಷ್ಟ. ಹೊಸ ತಳಿ ಬಂತು ಅಂದ ತಕ್ಷಣ ಎಲ್ಲರಿಗೂ ಹಂಚೋದಿಲ್ಲ. ಮೊದಲು ನಾಲ್ಕಾರು ರೈತರ ಹೊಲದಲ್ಲೇ ಕ್ಷೇತ್ರ ಪ್ರಯೋಗ, ಆಮೇಲೆ ಪ್ರಾತ್ಯಕ್ಷಿಕೆ. ನಮ್ಮ ಆಫೀಸಿನ ಟೆಸ್ಟಿಂಗ್ ಇದ್ದ ಹಾಗೆ, ಬಗ್ ಇದ್ರೆ ಮಾತ್ರ ಒಂದು ವರ್ಷದ ಅನ್ನ ಹೋಗುತ್ತೆ. ಕೊನೇ ವರ್ಷದ ಬಿಎಸ್ಸಿ ಅಗ್ರಿ ಹುಡುಗ್ರು ಹುಡುಗೀರು ಹಳ್ಳಿಗೆ ಬಂದು ತಿಂಗಳುಗಟ್ಟಲೆ ಇರ್ತಾರೆ. ಊರಿನ ಕೆರೆ, ಗದ್ದೆ, ಬೀದಿ ಎಲ್ಲಾ ರಂಗೋಲಿ ಪುಡೀಲಿ ನೆಲದ ಮೇಲೆ ಬರೀತಾರೆ. ವಿಜ್ಞಾನ ಕೇಂದ್ರಗಳಲ್ಲಿ ಮಣ್ಣು ಪರೀಕ್ಷೆ, ಅಣಬೆ, ಜೇನು, ನರ್ಸರಿ ತರಬೇತಿ ಕೂಡ ಸಿಗುತ್ತೆ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, 2023ರಲ್ಲಿ ಶುಂಠಿ ಬೆಲೆ ಆಕಾಶ ಮುಟ್ಟಿತ್ತಲ್ಲ, ಅದನ್ನ ನೋಡಿ ಅಪ್ಪ 2024ರಲ್ಲಿ ಒಂದೆಕರೆಗೆ ಸಾಲ ಮಾಡಿ ಶುಂಠಿ ಹಾಕಿದ್ರು. ಮಳೆ ಹಿಡಿದ ಮೇಲೆ ಗೆಡ್ಡೆ ಕೊಳೆಯೋಕೆ ಶುರು. ಮೂರು ಸಲ ಔಷಧಿ ಹುಯ್ದಿದ್ದಾಯ್ತು. ಉಳಿದಿದ್ದು ಕಾಲು ಭಾಗ, ಅಷ್ಟೊತ್ತಿಗೆ ಬೆಲೆಯೂ ಇಳಿದಿತ್ತು. ಹೋಗಿದ್ದನ್ನ ಅಲ್ಲೇ ಹುಡುಕಬೇಕು ಅಂತ ಅಪ್ಪನಿಗೆ ಮತ್ತೆ ಶುಂಠಿ ಹಾಕೋ ಆಸೆ. ಬಿತ್ತನೆ ಗೆಡ್ಡೆ ಸಾಲ ಕೊಡೋಕೆ ವ್ಯಾಪಾರಿಯೂ ರೆಡಿ.

ಆಗ ಹೊಲ ನೋಡೋಕೆ ಬಂದಿದ್ದ ವಿಜ್ಞಾನಿಯೊಬ್ಬರು ಹೇಳಿದ್ದು ಇಷ್ಟು: "ಯಜಮಾನ್ರೇ, ಈ ರೋಗ ಗೆಡ್ಡೇಲೂ ಬರುತ್ತೆ, ಮಣ್ಣಲ್ಲೂ ಉಳಿಯುತ್ತೆ. ಮೂರ್ನಾಲ್ಕು ವರ್ಷ ಇಲ್ಲಿ ಶುಂಠಿ ಬೇಡಿ. ಟೊಮ್ಯಾಟೊ, ಬದನೆ, ಮೆಣಸಿನಕಾಯೂ ಬೇಡ." ಹೊಗೆಸೊಪ್ಪೂ ಅದೇ ಬದನೆ ಕುಟುಂಬದ್ದು ಅಂತ ಅವತ್ತೇ ನಂಗೆ ಗೊತ್ತಾಗಿದ್ದು! ರಾಗಿ ಹಾಕಿ ಅಂದ್ರು. ಮುಂದೆ ಎಂದಾದ್ರೂ ಶುಂಠಿ ಹಾಕೋದಾದ್ರೆ ರೋಗ ಇಲ್ಲದ ಹೊಲದ ಗೆಡ್ಡೆ, ಏರು ಮಡಿ, ನೀರು ಬಸಿದು ಹೋಗೋ ಕಾಲುವೆ, ಬೇವಿನ ಹಿಂಡಿ ಜೊತೆ ಟ್ರೈಕೋಡರ್ಮ. ಇದೆಲ್ಲ ನಾಟಿಗೆ ಮುಂಚೆ ಆಗಬೇಕಾದ್ದು, ಕೊಳೆತ ಮೇಲಲ್ಲ.

'ಬೇಡ' ಅನ್ನೋ ಸಲಹೆ ಅಂಗಡಿಯಲ್ಲಿ ಸಿಗಲ್ಲ, ಅದರಲ್ಲಿ ಕಮಿಷನ್ ಇಲ್ಲವಲ್ಲ. ಈ ಕೇಂದ್ರಗಳಲ್ಲೂ ಒಂದಿಷ್ಟು ಬೀಜ, ಸಸಿ ಮಾರ್ತಾರೆ ನಿಜ. ಆದ್ರೆ ನಾವು ಕೊಳ್ಳದೇ ಬಂದ್ರೆ ಅವರ ಸಂಬಳ ಕಮ್ಮಿ ಆಗಲ್ಲ. ಸಲಹೆಯ ಬೆಲೆ ಇರೋದೇ ಅಲ್ಲಿ ಅಂತ ನನ್ನ ಲೆಕ್ಕ.

ಹಾಗಂತ ಎಲ್ಲಾ ಚೆನ್ನಾಗಿದೆ ಅಂತೇನೂ ಅಲ್ಲ. ಸುತ್ತೂರು ನಮಗೆ ದೂರ. ಹೊಗೆಸೊಪ್ಪಿಗೆ ತಂಬಾಕು ಮಂಡಳಿಯ ಹರಾಜು ಕಟ್ಟೆ ಇದೆ, ಬೇಲ್ ತಗೊಂಡು ಹೋದ್ರೆ ಕೊಳ್ಳೋರು ಇದ್ದಾರೆ. ಹುಣಸೂರು, ಪಿರಿಯಾಪಟ್ಟಣದ ಜನ ಬ್ಯಾರನ್ ಬಿಡದೇ ಇರೋದು ತಿಳುವಳಿಕೆ ಇಲ್ಲದೆ ಅಲ್ಲ. ಬದಲಿ ಬೆಳೆ ಬೆಳೆಯೋದು ಕಲಿಸಿದವರು ಅದಕ್ಕೆ ಅಂಥದ್ದೇ ಒಂದು ಕಟ್ಟೆ ತೋರಿಸೋದು ಕಷ್ಟ.

2025ರ ಮುಂಗಾರಿಗೆ ಅಪ್ಪ ಅಲ್ಲಿ ಜಿಪಿಯು 28 ರಾಗಿ ಹಾಕಿದ್ರು. ಬೆಂಗಳೂರು ಕೃಷಿ ವಿವಿಯದೇ ತಳಿ, ಬೆಂಕಿ ರೋಗ ತಡೆಯುತ್ತೆ. ಶುಂಠಿ ಸಾಲ ರಾಗಿಯಿಂದ ತೀರಲ್ಲ, ಅದಕ್ಕೆ ನನ್ನ ಸಂಬಳದಿಂದ ಹೋಗ್ತಾ ಇದೆ. ಆದ್ರೆ ಹೊಸ ಸಾಲ ಹುಟ್ಟಲಿಲ್ಲ.

ಊರಲ್ಲಿ ಜಮೀನು ಇರೋ ಗೆಳೆಯರೇ, ಮುಂದಿನ ಸಲ ಊರಿಗೆ ಹೋದಾಗ ಒಂದು ಹಿಡಿ ಮಣ್ಣನ್ನ ಹತ್ತಿರದ ಕೇಂದ್ರಕ್ಕೆ ಕೊಟ್ಟು ಬನ್ನಿ. ನಿಮ್ಮ ಕಡೆ 'ಬೇಡ' ಅಂತ ಹೇಳೋರು ಯಾರಿದ್ದಾರೆ?