ಒಂದು ನಿಮಿಷದ ಶ್ರಮ

ನಮ್ಮ ತಮ್ಮನ ಮಗ ಎಂಜಿನಿಯರಿಂಗ್ ಪದವಿ ಮುಗಿಸಿ, ಕೈಗೆ ಬಂದ ನೌಕರಿಯನ್ನು ಬಿಟ್ಟು, ಬೆಂಗಳೂರಿನಲ್ಲಿ ಟಿ.ವಿ. ಜಾಹೀರಾತುಗಳನ್ನು ತಯಾರಿಸುವವರ ಕೈಕೆಳಗೆ ಸೇರಿದಾಗ ಮನೆಯವರೆಲ್ಲರೂ ನಮ್ಮ ಅಭಿಪ್ರಾಯವನ್ನು ಕೇಳಿದರು. ನಾವು ಹಿಂದುಮುಂದು ನೋಡದೆ, "ಅದು ಸುಳ್ಳಿಗೆ ಸಿಂಗಾರ ಮಾಡುವ ಉದ್ಯೋಗ" ಎಂದುಬಿಟ್ಟೆವು. ಹಿರಿಯರ ಮಾತು ಮನೆಯಲ್ಲಿ ತೀರ್ಪಾಗಿ ನಿಲ್ಲುತ್ತದೆ. ತಂದೆ ಮಗನೊಡನೆ ಮಾತು ಬಿಟ್ಟನು. ಮಗ ಎರಡು ವರ್ಷ ಊರಿನ ಕಡೆ ಸುಳಿಯಲಿಲ್ಲ.

ಕಳೆದ ಯುಗಾದಿಗೆ ಅವನು ಬಂದನು. ಊಟವಾದ ಮೇಲೆ ನಮ್ಮ ಬಳಿ ಕುಳಿತು, "ದೊಡ್ಡಪ್ಪ, ಒಂದು ನಿಮಿಷವೂ ಹಿಡಿಯುವುದಿಲ್ಲ, ಇದೊಂದನ್ನು ನೋಡಿರಿ" ಎಂದು ಮೊಬೈಲನ್ನು ಮುಂದೆ ಹಿಡಿದನು. ಅದು 1973ರಲ್ಲಿ ಇಂಗ್ಲೆಂಡಿನ ಹೋವಿಸ್ ಎಂಬ ಬ್ರೆಡ್ಡಿಗಾಗಿ ಮಾಡಿದ ಜಾಹೀರಾತು. ಕಲ್ಲು ಹಾಸಿದ ಕಡಿದಾದ ಓಣಿಯಲ್ಲಿ ಹುಡುಗನೊಬ್ಬ ಬ್ರೆಡ್ಡಿನ ಬುಟ್ಟಿ ಹೊತ್ತ ಸೈಕಲ್ಲನ್ನು ಏದುಸಿರು ಬಿಡುತ್ತ ಮೇಲಕ್ಕೆ ತಳ್ಳುತ್ತಾನೆ. ವಯಸ್ಸಾದವರೊಬ್ಬರ ದನಿ ಆ ಬಾಲ್ಯವನ್ನು ನೆನೆಯುತ್ತದೆ. ಹಿನ್ನೆಲೆಯಲ್ಲಿ ಡ್ವೋರ್ಷಾಕನ ಸಿಂಫನಿಯೊಂದರ ವಿಲಂಬಿತ ಭಾಗ ಹಿತ್ತಾಳೆ ವಾದ್ಯಗಳಲ್ಲಿ ಹರಿಯುತ್ತದೆ. ಬ್ರೆಡ್ಡು ತಲುಪಿಸಿದ ಹುಡುಗ ಹಗುರವಾಗಿ ಇಳಿಜಾರಿನಲ್ಲಿ ಜಾರಿ ಬರುತ್ತಾನೆ. ನೋಡಿ ಮುಗಿದಾಗ ನಮ್ಮ ಕಣ್ಣ ಮುಂದೆ ನಿಂತುದು ಬ್ರೆಡ್ಡಲ್ಲ; ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬಂದ ದಿನ ಅವ್ವ ಒಲೆಯ ಮುಂದೆ ಕೂರಿಸಿ ಕೊಡುತ್ತಿದ್ದ ಬಿಸಿ ರೊಟ್ಟಿ.

ಅದನ್ನು ನಿರ್ದೇಶಿಸಿದವರು ರಿಡ್ಲಿ ಸ್ಕಾಟ್. 1937ರಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ಸೌತ್ ಶೀಲ್ಡ್ಸ್‌ನಲ್ಲಿ ಜನಿಸಿದ ಇವರು ಮೊದಲು ಕಲಿತುದು ಚಿತ್ರಕಲೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದಾಗ ತಮ್ಮನಾದ ಟೋನಿಯನ್ನೇ ಸೈಕಲ್ ಹತ್ತಿಸಿ ಒಂದು ಕಿರುಚಿತ್ರ ಮಾಡಿದರು. ಬಿ.ಬಿ.ಸಿ.ಯಲ್ಲಿ ರಂಗಸಜ್ಜಿಕೆಯ ಕೆಲಸ ಮಾಡಿ, 1968ರಲ್ಲಿ ಸ್ವಂತ ಜಾಹೀರಾತು ಸಂಸ್ಥೆಯನ್ನು ತೆರೆದರು. ಹೋವಿಸ್ ಚಿತ್ರಕ್ಕೆ ಅವರು ಆರಿಸಿಕೊಂಡ ಓಣಿ ದಕ್ಷಿಣದ ಡಾರ್ಸೆಟ್ ಸೀಮೆಯ ಶಾಫ್ಟ್ಸ್‌ಬರಿ ಊರಿನ ಗೋಲ್ಡ್ ಹಿಲ್. ನೋಡಿದ ಹಲವರು ಅದನ್ನು ಉತ್ತರ ಇಂಗ್ಲೆಂಡಿನ ಊರೆಂದೇ ಇಂದಿಗೂ ನೆನೆಯುತ್ತಾರಂತೆ.

ಚಿತ್ರೀಕರಣಕ್ಕೆ ಮೊದಲು ದೃಶ್ಯಗಳನ್ನು ಸ್ವತಃ ಕಾಗದದ ಮೇಲೆ ಬರೆದುಕೊಳ್ಳುವುದು ಸ್ಕಾಟರ ಅಭ್ಯಾಸ. ವರ್ಷಗಟ್ಟಲೆ ಜಾಹೀರಾತಿನಲ್ಲಿ ಪಳಗಿದ ಮೇಲೆಯೇ, ನಲವತ್ತರ ಹೊಸ್ತಿಲಲ್ಲಿ, ಅವರು ಮೊದಲ ಕಥಾಚಿತ್ರ 'ದಿ ಡ್ಯೂಯೆಲಿಸ್ಟ್ಸ್' ಮಾಡಿದರು. 1977ರಲ್ಲಿ ಅದಕ್ಕೆ ಕಾನ್ ಉತ್ಸವದಲ್ಲಿ ಚೊಚ್ಚಲ ಕೃತಿಯ ಪ್ರಶಸ್ತಿ ಬಂದಿತು. 'ಏಲಿಯನ್', 'ಬ್ಲೇಡ್ ರನ್ನರ್' ಮುಗಿಸಿದ ಮೇಲೂ ಜಾಹೀರಾತನ್ನು ಕೀಳೆಂದು ಬಿಡಲಿಲ್ಲ. ಆಪಲ್ ಕಂಪನಿಯ ಕಂಪ್ಯೂಟರಿಗಾಗಿ ಮಾಡಿದ ಅರುವತ್ತು ಸೆಕೆಂಡಿನ ಚಿತ್ರ 1984ರ ಜನವರಿ 22ರಂದು ಅಮೆರಿಕದಲ್ಲಿ ಪ್ರಸಾರವಾಯಿತು. ಅದರಲ್ಲಿ ಕಂಪ್ಯೂಟರನ್ನು ತೋರಿಸಿಯೇ ಇಲ್ಲ. ಓಡಿ ಬಂದ ಯುವತಿಯೊಬ್ಬಳು ಸರ್ವಾಧಿಕಾರಿಯ ಮುಖ ತುಂಬಿದ ಪರದೆಗೆ ಸುತ್ತಿಗೆ ಬೀಸುತ್ತಾಳೆ. ಕಂಪನಿಯ ಆಡಳಿತ ಮಂಡಳಿಗೆ ಹಿಡಿಸದ ಆ ಚಿತ್ರವೇ ಅದೇ ವರ್ಷ ಕಾನ್‌ನ ಜಾಹೀರಾತು ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆಯಿತು.

ಇದನ್ನೆಲ್ಲ ಕೇಳುತ್ತಿದ್ದಾಗ ನಾವು ಓದಿದ ವ್ಯಾಕರಣ ನೆನಪಿಗೆ ಬಂದಿತು. ಸೂತ್ರದಲ್ಲಿ ಅರ್ಧ ಮಾತ್ರೆಯಷ್ಟು ಉಳಿತಾಯವಾದರೂ ವೈಯಾಕರಣರು ಮಗ ಹುಟ್ಟಿದಷ್ಟು ಹಿಗ್ಗುವರೆಂದು ನಮ್ಮ ಗುರುಗಳು ನಗುತ್ತ ಹೇಳುತ್ತಿದ್ದರು. ಸೆಕೆಂಡುಗಳನ್ನು ಎಣಿಸಿ ಕಥೆ ಹೇಳುವ ಈ ಜನರೂ ಅದೇ ಲಾಘವವನ್ನು ಸಾಧಿಸಿದವರಲ್ಲವೇ? ಅರಿಯದ ವಿದ್ಯೆಯನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೆವು. ಅದು ನಮ್ಮ ತಪ್ಪು.

ಆದರೂ ಮನಸ್ಸಿನಲ್ಲೊಂದು ಮುಳ್ಳು ಉಳಿದಿತ್ತು. ವಿದ್ಯೆ ದೊಡ್ಡದಾದಷ್ಟೂ ಅದು ಹೊತ್ತ ಸರಕಿನ ಹೊಣೆಯೂ ದೊಡ್ಡದು. "ಅಪ್ಪಾ, ನೀನು ಮಾರುವುದನ್ನು ನಿನ್ನ ಮಗುವಿಗೆ ತಿನ್ನಿಸುವೆಯಾ?" ಎಂದು ಕೇಳಿದೆವು. ಅವನು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತನು. "ಎಲ್ಲವನ್ನೂ ಇಲ್ಲ, ದೊಡ್ಡಪ್ಪ. ಹೋದ ವರ್ಷ ಒಂದು ಕೆಲಸವನ್ನು ಬಿಟ್ಟೆ. ಇನ್ನೊಂದನ್ನು ಬಿಡಲಾಗಲಿಲ್ಲ, ಮನೆಯ ಬಾಡಿಗೆ ಕಟ್ಟಬೇಕಿತ್ತು" ಎಂದನು.

ಸುಳ್ಳಿಗೆ ಸಿಂಗಾರ ಮಾಡುವವನ ಉತ್ತರ ಇದಾಗಿರಲಿಲ್ಲ. ನಾವು ತಮ್ಮನನ್ನು ಒಳಗಿನಿಂದ ಕರೆಯಿಸಿ, ಮಗನ ಪಕ್ಕದಲ್ಲಿ ಕೂರಿಸಿ, ಆ ಸೈಕಲ್ ಹುಡುಗನ ಚಿತ್ರವನ್ನು ಮತ್ತೊಮ್ಮೆ ಹಾಕಲು ಹೇಳಿದೆವು. ಮುಗಿದ ಮೇಲೆ ತಮ್ಮ ಕೇಳಿದನು: "ಆ ಏರಿನಲ್ಲಿ ಹುಡುಗನನ್ನು ಎಷ್ಟು ಸಲ ಹತ್ತಿಸಿದರಂತೋ?" ಎರಡು ವರ್ಷಗಳ ನಂತರ ತಂದೆ ಮಗನೊಡನೆ ಆಡಿದ ಮೊದಲ ಮಾತು ಅದು.