ಒತ್ತಿದ್ದೂ ಆದದ್ದೂ

ಆಯುಧ ಪೂಜೆಯ ದಿನ ಯಂತ್ರಕ್ಕೆ ಕುಂಕುಮ ಎಲ್ಲಿಡಬೇಕು ಎಂಬ ಪ್ರಶ್ನೆ ಮೊದಲು ಇರಲಿಲ್ಲ. ಲೇತಿನ ಹೆಡ್‌ಸ್ಟಾಕಿಗೊಂದು, ಪ್ರೆಸ್ಸಿನ ಫ್ಲೈವೀಲಿಗೊಂದು ಬೊಟ್ಟಿಟ್ಟರೆ ಮುಗಿಯಿತು. ಈಗ ಯಂತ್ರಕ್ಕೆ ಮುಖ ಬಂದಿದೆ, ಏಳಂಗುಲದ ಹೊಳೆಹೊಳೆಯುವ ಮುಖ. ಮುಖ ಇದ್ದ ಮೇಲೆ ಹಣೆ ಇರಲೇಬೇಕಲ್ಲ! ಅರಿಸಿನ, ಕುಂಕುಮ, ಒದ್ದೆ ಗಂಧ ಎಲ್ಲವೂ ಅಲ್ಲಿಗೇ. ಮೇಲಿಂದ ಇಳಿಬಿಟ್ಟ ಸೇವಂತಿಗೆ ಹಾರ. ಹಬ್ಬ ಕಳೆದು ಪವರ್ ಹಾಕಿದ ಗಳಿಗೆಯಿಂದ ನನ್ನ ಫೋನು ಶುರು: “ಸಾರ್, ಸ್ಕ್ರೀನ್ ಮೇಲೆ ಯಾರೂ ಕೈಯೇ ಇಟ್ಟಿಲ್ಲ, ಪೇಜು ತಾನಾಗೇ ಬದಲಾಗ್ತಾ ಇದೆ!”

ಯಾರೂ ಕೈಯಿಟ್ಟಿಲ್ಲ ನಿಜ. ನೀರು ಚಿಮುಕಿಸಿದ ಹಾರ ಇಟ್ಟಿದೆ.

ಪೀಣ್ಯದ ಶೆಡ್ಡುಗಳಲ್ಲಿ ಈ ಸ್ಕ್ರೀನುಗಳಿಗೆ ಪ್ರೋಗ್ರಾಂ ಬರೆಯುವುದು, ಕೈಕೊಟ್ಟಾಗ ಹೋಗಿ ನೋಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಹಾರದ ವಿಷಯದಲ್ಲಿ ಸ್ವಲ್ಪ ಅಧಿಕಾರದಿಂದಲೇ ಮಾತಾಡಬಲ್ಲೆ. ಕಾರ್ಖಾನೆಯ ಟಚ್‌ಸ್ಕ್ರೀನುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ರೆಸಿಸ್ಟಿವ್ ಜಾತಿಯದಕ್ಕೆ ಎರಡು ಪದರ, ನಡುವೆ ಕೂದಲೆಳೆಯಷ್ಟು ಸಂದು. ಒತ್ತಿದಲ್ಲಿ ಪದರಗಳು ಕೂಡಿ ವೋಲ್ಟೇಜು ಜಾಗ ಹೇಳುತ್ತದೆ. ಅದಕ್ಕೆ ಬೇಕಾದದ್ದು ಒತ್ತಡ ಮಾತ್ರ. ಬೆರಳೋ ಗ್ಲೌಸೋ ಅಲೆನ್ ಕೀಯೋ ಎಂದು ವಿಚಾರಿಸುವುದಿಲ್ಲ. ಕೆಪಾಸಿಟಿವ್ ಜಾತಿಯದು ಮಡಿವಂತ. ಗಾಜಿನ ಮೇಲಿನ ವಿದ್ಯುತ್ ಕ್ಷೇತ್ರ ಬೆರಳು ಬಂದಾಗ ಬದಲಾಗುವುದನ್ನು ಅದು ಅಳೆಯುತ್ತದೆ. ದಪ್ಪ ಗ್ಲೌಸನ್ನು ಕಂಡೂ ಕಾಣದಂತಿರುತ್ತದೆ, ನೀರು, ಕೂಲಂಟು, ಒದ್ದೆ ಗಂಧವನ್ನು ಬೆರಳೆಂದು ನಂಬಿಬಿಡುತ್ತದೆ. ಆದ್ದರಿಂದ ಸ್ಕ್ರೀನು ಕೊಳ್ಳುವ ಮೊದಲು ಕ್ಯಾಟಲಾಗಲ್ಲ, ಆಪರೇಟರನ ಕೈ ನೋಡಬೇಕು. ಎಣ್ಣೆ ಗ್ಲೌಸಿನ ಕೈಯಾದರೆ ರೆಸಿಸ್ಟಿವ್ ಇರಲಿ, ಮೇಲೊಂದು ಪಾರದರ್ಶಕ ಫಿಲಂ ಅಂಟಿಸಿ, ಗೀರು ಬಿದ್ದಾಗ ಬದಲಿಸಿ. ಇಲ್ಲದಿದ್ದರೆ ಟೆಸ್ಟರಿನ ತುದಿಯಿಂದ ಕುಟ್ಟಿ ಕುಟ್ಟಿ ‘ಸ್ಟಾರ್ಟ್’ ಇರುವ ಜಾಗದಲ್ಲಿ ಗುಳಿ ಬೀಳುತ್ತದೆ. ಯಾವ ಜಾತಿಯಾದರೂ ಒರೆಸುವಾಗ ಅರ್ಧ ನಿಮಿಷ ಸ್ಪರ್ಶವನ್ನು ಮರೆಯುವ ಒಂದು ಪೇಜು ಇರಬೇಕು. ಕುಂಕುಮವನ್ನು ದಯವಿಟ್ಟು ಚೌಕಟ್ಟಿಗೆ ಇಡಿ. ದೇವಿ ಬೇಸರ ಮಾಡಿಕೊಳ್ಳುವುದಿಲ್ಲ.

ಈ ಎರಡೂ ಜಾತಿಗಳ ಮೂಲಪುರುಷರು ಕಾರ್ಖಾನೆಯವರಲ್ಲ. ಇಂಗ್ಲೆಂಡಿನ ಮಾಲ್ವರ್ನ್ ಎಂಬಲ್ಲಿ ರೇಡಾರ್ ಸಂಶೋಧನೆ ಮಾಡುತ್ತಿದ್ದ ಇ. ಎ. ಜಾನ್ಸನ್ 1965ರಲ್ಲಿ ಬೆರಳಿಗೆ ಓಗೊಡುವ ಪರದೆಯ ಬಗ್ಗೆ ಬರೆದರು. ಅವರ ಕಣ್ಣಿದ್ದದ್ದು ವಿಮಾನ ಸಂಚಾರ ನಿಯಂತ್ರಿಸುವವರ ಮೇಲೆ. ಅಮೆರಿಕದ ಸ್ಯಾಮ್ ಹರ್ಸ್ಟ್ ಭೌತವಿಜ್ಞಾನಿ. ಗ್ರಾಫುಗಳ ರಾಶಿಯಿಂದ ಅಂಕಿ ಎತ್ತುವ ಬೇಸರದ ಕೆಲಸ ತಪ್ಪಿಸಿಕೊಳ್ಳಲು ಹೊರಟು 1970ರ ದಶಕದಲ್ಲಿ ರೆಸಿಸ್ಟಿವ್ ಪರದೆಗೆ ದಾರಿ ಮಾಡಿದರು. ನನಗೆ ಹತ್ತಿರದವರು ಮಾತ್ರ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಬೆಂಟ್ ಸ್ಟುಂಪೆ. ಅಲ್ಲಿ ಸುಮಾರು 7 ಕಿಲೋಮೀಟರ್ ಸುತ್ತಳತೆಯ ಕಣ ವೇಗವರ್ಧಕ ಕಟ್ಟುತ್ತಿದ್ದರು. ಅದರ ಪ್ರತಿ ಭಾಗಕ್ಕೂ ಒಂದೊಂದು ಗುಂಡಿ, ತಿರುಗಣೆ ಇಟ್ಟರೆ ಕಂಟ್ರೋಲ್ ರೂಮಿಗೆ ಗೋಡೆಗಳೇ ಸಾಲುತ್ತಿರಲಿಲ್ಲ. 1972ರ ಮಾರ್ಚಿನಲ್ಲಿ ಸ್ಟುಂಪೆ ಕೈಬರಹದ ಟಿಪ್ಪಣಿಯಲ್ಲೊಂದು ಉಪಾಯ ಬರೆದುಕೊಟ್ಟರು: ಗುಂಡಿಗಳು ಕೆಲವೇ ಇರಲಿ, ಅವುಗಳ ಮೇಲಿನ ಬರಹವನ್ನು ಕಂಪ್ಯೂಟರು ಬದಲಿಸುತ್ತಿರಲಿ. ಹಾಗೆ ಮಾಡಿದ ಟಚ್‌ಸ್ಕ್ರೀನಿನ ಮೇಲಿದ್ದದ್ದು 16 ಗುಂಡಿ. ವೇಗವರ್ಧಕ 1976ರಲ್ಲಿ ಚಾಲೂ ಆಯಿತು. ಒಂದೇ ಪೇಜಿನಲ್ಲಿ ಕಡಲೆಕಾಳಿನಂಥ ಗುಂಡಿಗಳನ್ನು ಕಿಕ್ಕಿರಿಸಿ “ಎಲ್ಲಾ ಒಂದೇ ಕಡೆ ಕಾಣ್ಬೇಕು” ಎನ್ನುವ ಮಾಲೀಕರಿಗೆ ನಾನು ಈ ಕಥೆ ಹೇಳುತ್ತೇನೆ. ಅವರು ಕಾಫಿ ತರಿಸುತ್ತಾರೆ, ಬೇಡಿಕೆ ಬಿಡುವುದಿಲ್ಲ.

ನಮ್ಮಪ್ಪ ಎಚ್‌ಎಂಟಿಯಲ್ಲಿ ಮಿಲ್ಲಿಂಗ್ ಮೆಷಿನ್ ಮುಂದೆ ನಿಂತೇ ತಲೆ ನೆರೆಸಿಕೊಂಡವರು. ನಾನು ಮಾಡಿದ ಮೊದಮೊದಲ ಸ್ಕ್ರೀನೊಂದನ್ನು ಮನೆಯ ಮೇಜಿನ ಮೇಲಿಟ್ಟು ಅವರಿಗೆ ತೋರಿಸಿದ್ದೆ. ಬಣ್ಣಬಣ್ಣದ ಟ್ಯಾಂಕು, ತಿರುಗುವ ಫ್ಯಾನು, ಹರಿಯುವ ನೀಲಿ ನೀರು. ಅಪ್ಪ ಹೆಬ್ಬೆರಳಿನಿಂದ ಗಾಜು ಸವರಿದರು. “ಚೆನ್ನಾಗಿದೆ ಕಣೋ. ಆದ್ರೆ ನೋಡ್ದೆ ಒತ್ತೋಕಾಗಲ್ವಲ್ಲ?” ಅಂದರು. ಕೆಲಸ ಮಾಡುವಾಗ ಅವರ ಕಣ್ಣು ಕಟರಿನ ಮೇಲೆ, ಕಿವಿ ಗೇರ್‌ಬಾಕ್ಸಿನ ಮೇಲೆ. ಗುಂಡಿಯನ್ನು ಕೈ ತಾನೇ ಹುಡುಕಿಕೊಳ್ಳುತ್ತಿತ್ತು. ನುಣುಪು ಗಾಜಿನ ಮೇಲೆ ಕೈಗೆ ಏನು ಗುರುತು?

ಅಪ್ಪನ ಈ ಆಕ್ಷೇಪಣೆಯನ್ನು ಅಮೆರಿಕದ ನೌಕಾಪಡೆ ಬಹಳ ದೊಡ್ಡ ಬೆಲೆ ತೆತ್ತು ಒಪ್ಪಿಕೊಂಡಿತು. 2017ರ ಆಗಸ್ಟ್ 21ರ ನಸುಕಿನಲ್ಲಿ ಸಿಂಗಪುರದ ಹತ್ತಿರ ‘ಜಾನ್ ಎಸ್. ಮೆಕೇನ್’ ಎಂಬ ಅದರ ಯುದ್ಧನೌಕೆಯಲ್ಲಿ ಚುಕ್ಕಾಣಿ ಹಿಡಿದವನ ಹೊರೆ ಇಳಿಸಲೆಂದು ವೇಗದ ನಿಯಂತ್ರಣವನ್ನು ಪಕ್ಕದ ಟಚ್‌ಸ್ಕ್ರೀನಿಗೆ ಕೊಡಲು ಹೊರಟರು. ಗೊಂದಲದಲ್ಲಿ ಚುಕ್ಕಾಣಿಯೂ ಅತ್ತ ಹೋಯಿತು. ಹಡಗು ಕೈತಪ್ಪಿತೆಂದು ಗಾಬರಿಯಾಗಿ ವೇಗ ತಗ್ಗಿಸಿದರೆ, ಪರದೆಯಲ್ಲಿ ಎರಡು ಪ್ರೊಪೆಲ್ಲರುಗಳ ನಿಯಂತ್ರಣ ಜೋಡಿಯಾಗಿರಲಿಲ್ಲ. ಒಂದು ಮಾತ್ರ ನಿಧಾನವಾಯಿತು. ಹಡಗು ಎಡಕ್ಕೆ ತಿರುಗಿ ತೈಲದ ಟ್ಯಾಂಕರಿಗೆ ಅಡ್ಡ ಬಂತು. 10 ನಾವಿಕರು ಸತ್ತರು. ಕೈಗೆ ಸಿಗುವ ಹಿಡಿಗಳನ್ನೇ ಮತ್ತೆ ಕೂರಿಸುತ್ತೇವೆ ಎಂದು ನೌಕಾಪಡೆ 2019ರಲ್ಲಿ ಹೇಳಿತು.

ಹಾಗಾಗಿ ತುರ್ತು ನಿಲುಗಡೆಯನ್ನು ಸ್ಕ್ರೀನಿಗೆ ಹಾಕಿಕೊಡಿ ಎಂದು ಯಾರು ಕೇಳಿದರೂ ನಾನು ಒಪ್ಪುವುದಿಲ್ಲ. ಹಳದಿ ಹಿನ್ನೆಲೆಯ ಮೇಲೆ ಅಣಬೆಯಂಥ ಕೆಂಪು ಗುಂಡಿಯೇ ಬೇಕು, ಅದರ ತಂತಿ ಸ್ಕ್ರೀನಿನ ಹಂಗಿಲ್ಲದೆ ಸುರಕ್ಷಾ ರಿಲೇಗೆ ಹೋಗಬೇಕು. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಯಂತ್ರವನ್ನು ಸರಿಸುವ ಜಾಗ್ ಗುಂಡಿಯದೂ ಇದೇ ಕಥೆ. ಒತ್ತಿ ಹಿಡಿದಾಗ ಸ್ಕ್ರೀನು ಯಂತ್ರವನ್ನು ನಡೆಸುವ ಪಿಎಲ್‌ಸಿ ಎಂಬ ಕಂಪ್ಯೂಟರಿಗೆ ‘ಒಂದು’ ಎಂದು ಬರೆಯುತ್ತದೆ, ಬಿಟ್ಟಾಗ ‘ಸೊನ್ನೆ’. ನಡುವೆ ಕೇಬಲ್ ಸಡಿಲಾದರೆ ಸೊನ್ನೆ ತಲುಪುವುದೇ ಇಲ್ಲ. ಬೆರಳು ತೆಗೆದ ಮೇಲೂ ಟೇಬಲ್ಲು ಸರಿಯುತ್ತಲೇ ಇರುತ್ತದೆ. ಜಾಗ್‌ಗೆ ನಿಜವಾದ ಗುಂಡಿ ಕೊಡಿ. ಕೊಡಲು ಜಾಗವೇ ಇಲ್ಲವೆಂದರೆ ಸ್ಕ್ರೀನು ಕ್ಷಣಕ್ಷಣಕ್ಕೂ ತಾನು ಬದುಕಿದ್ದೇನೆಂದು ಪಿಎಲ್‌ಸಿಗೆ ವರದಿ ಮಾಡುತ್ತಿರಲಿ, ವರದಿ ನಿಂತ ಕೂಡಲೇ ಪಿಎಲ್‌ಸಿ ಕೆಲಸ ನಿಲ್ಲಿಸಲಿ.

ಇನ್ನು ಸ್ಕ್ರೀನು ಹೇಳುವ ಸುಳ್ಳಿನ ಮಾತು. ‘ಪಂಪ್ ಆನ್’ ಎಂದು ಹಸಿರು ಬೆಳಗುತ್ತಿರುತ್ತದೆ. ಹೋಗಿ ಮುಟ್ಟಿದರೆ ಪಂಪು ತಣ್ಣಗೆ ಕೂತಿರುತ್ತದೆ. ಸ್ಕ್ರೀನು ತೋರಿಸುತ್ತಿರುವುದು ಕೊಟ್ಟ ಆಜ್ಞೆಯನ್ನು, ನಡೆದ ಸಂಗತಿಯನ್ನಲ್ಲ. ಇದು ಟಚ್‌ಸ್ಕ್ರೀನು ಹುಟ್ಟುಹಾಕಿದ ರೋಗವಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಒತ್ತಡ ಬಿಡುವ ವಾಲ್ವು ತೆರೆದೇ ಸಿಕ್ಕಿಕೊಂಡಿತ್ತು. ಪ್ಯಾನೆಲ್ಲಿನ ದೀಪ ಮಾತ್ರ ಆರಿತ್ತು. ಆ ದೀಪಕ್ಕೆ ಗೊತ್ತಿದ್ದದ್ದು ವಾಲ್ವಿನ ಸೊಲೆನಾಯ್ಡಿಗೆ ಕರೆಂಟು ಹೋಗುತ್ತಿದೆಯೋ ಇಲ್ಲವೋ ಎಂಬುದಷ್ಟೇ. ದೀಪ ಆರಿದ್ದರಿಂದ ವಾಲ್ವು ಮುಚ್ಚಿದೆಯೆಂದು ನಂಬಿದ ಆಪರೇಟರುಗಳ ಕಣ್ಣೆದುರೇ ಎರಡು ಗಂಟೆಗೂ ಹೆಚ್ಚು ಹೊತ್ತು ರಿಯಾಕ್ಟರಿನ ನೀರು ಸೋರಿಹೋಯಿತು. ವೇಲ್ಸಿನ ಮಿಲ್‌ಫೋರ್ಡ್ ಹೇವನ್‌ನ ರಿಫೈನರಿಯಲ್ಲಿ 1994ರ ಜುಲೈ 24ರಂದು ಇದರ ತಿರುಗುಮುರುಗು: ತೆರೆದಿದೆಯೆಂದು ಪರದೆ ಹೇಳುತ್ತಿದ್ದ ವಾಲ್ವು ಮುಚ್ಚಿತ್ತು, ಕೊನೆಗೆ ಸ್ಫೋಟವೇ ಆಯಿತು. ಅಲ್ಲಿ ಇನ್ನೊಂದು ದುರಂತವೂ ಸೇರಿಕೊಂಡಿತು. ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮೇಲೆ 275 ಅಲಾರಮ್ಮುಗಳು ಬಿದ್ದವು. ಓದಲೂ ಪುರುಸೊತ್ತಿಲ್ಲದ ಎಚ್ಚರಿಕೆ ಎಂಥ ಎಚ್ಚರಿಕೆ?

ಆದ್ದರಿಂದ ನನ್ನ ಹುಡುಗರಿಗೆ ಹೇಳುವುದಿಷ್ಟು. ಪಂಪಿನ ಹಸಿರು ಪಿಎಲ್‌ಸಿಯ ಔಟ್‌ಪುಟ್ಟಿನಿಂದ ಬರಕೂಡದು. ಕನಿಷ್ಠ ಕಾಂಟ್ಯಾಕ್ಟರಿನಿಂದ, ಸಾಧ್ಯವಾದರೆ ಫ್ಲೋ ಸ್ವಿಚ್ಚಿನಿಂದ ಬರಲಿ. ಆಜ್ಞೆ ಕೊಟ್ಟೂ ಕೆಲಸ ಆಗದಿದ್ದರೆ ಹಾಗೆಂದೇ ಬರೆಯಿರಿ. ‘ಅಲಾರಂ 37’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ‘ಹಿಂದಿನ ಬಾಗಿಲು ತೆರೆದಿದೆ, ಮುಚ್ಚಿ’ ಎನ್ನಿ. ಆಪರೇಟರು ಏನೂ ಮಾಡಬೇಕಿಲ್ಲದ ಸಂಗತಿ ಅಲಾರಮ್ಮೇ ಅಲ್ಲ. ಹಿನ್ನೆಲೆ ಬೂದು ಇರಲಿ, ಕೆಂಪನ್ನು ಕೆಟ್ಟ ಸುದ್ದಿಗೆ ಮೀಸಲಿಡಿ. ನಾನು ಅಪ್ಪನಿಗೆ ತೋರಿಸಿದ್ದ ನೀಲಿ ನೀರು, ತಿರುಗುವ ಫ್ಯಾನು ಈಗ ನನ್ನ ಯಾವ ಸ್ಕ್ರೀನಿನಲ್ಲೂ ಇಲ್ಲ. 180 ಡಿಗ್ರಿ ಹಾಕಬೇಕಾದಲ್ಲಿ ನಿದ್ದೆಗಣ್ಣಿನ ಬೆರಳು 1800 ಹಾಕಬಹುದು, ಅದಕ್ಕೆ ಮಿತಿ ಕಟ್ಟಿ.

ಹಾಂ, ಕನ್ನಡ. ಹಾಕಲೇಬೇಕು. ಆದರೆ ಎಷ್ಟೋ ಪ್ಯಾನೆಲ್ಲುಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ, ‘ಒತ್ತಿ’ ಎಂದು ಬರೆದರೆ ತಕಾರಗಳು ಕಿತ್ತಾಡಿಕೊಂಡು ಬೇರೆಬೇರೆ ನಿಲ್ಲುತ್ತವೆ. ಬರಹವನ್ನು ಕಂಪ್ಯೂಟರಿನಲ್ಲಿ ಮಾಡಿ ಚಿತ್ರವಾಗಿ ಕೂರಿಸುವುದೇ ನನಗೆ ಸಿಕ್ಕ ದಾರಿ. ಹಟ್ಟಿ, ಹಾವೇರಿಯಿಂದ ಬಂದ ಹುಡುಗರು ಅದರ ಮುಂದೆ ನಿಂತರೆ ಸೂಪರ್‌ವೈಸರನ್ನು ಕೂಗುವುದು ಕಡಿಮೆಯಾಗುತ್ತದೆ.

ಕೊನೆಯದಾಗಿ ಮಾಲೀಕರಿಗೆ ಒಂದು ಮಾತು. ಬಿಲ್ಲು ಪಾಸ್ ಮಾಡುವ ಮೊದಲು ಸ್ಕ್ರೀನಿನ ಪ್ರಾಜೆಕ್ಟ್ ಫೈಲು, ಪಾಸ್‌ವರ್ಡು, ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿಯಲ್ಲಿ ಬರೆದದ್ದು ಎಂಬ ಚೀಟಿ, ಮೂರನ್ನೂ ಕೇಳಿ ಪಡೆಯಿರಿ. ಪ್ಯಾನೆಲ್ಲಿನೊಳಗೆ ಕೂತ ಪ್ರೋಗ್ರಾಮನ್ನು ತಿದ್ದುವ ರೂಪದಲ್ಲಿ ಹಿಂದಕ್ಕೆ ತೆಗೆಯಲು ಬಹಳಷ್ಟು ಸಲ ಬರುವುದಿಲ್ಲ. ಬರೆದವನು ಕೆಲಸ ಬಿಟ್ಟು ಹೋಗಿರುತ್ತಾನೆ, ಸ್ಕ್ರೀನು ಒಡೆದಿರುತ್ತದೆ, ನಾವು ಮೊದಲಿಂದ ಬರೆದು ಮೊದಲಿಂದ ಬಿಲ್ಲು ಮಾಡುತ್ತೇವೆ. ಆ ಮೂರೂ ನಿಮ್ಮ ಕೈಗೆ ಬಂದರೆ ನನ್ನ ಸಂಪಾದನೆಗೆ ನಷ್ಟವೇ, ಆದರೂ ಕೇಳಿ ಪಡೆಯಿರಿ.