ಎಲುಬಿಲ್ಲದ ಬೆಟ್ಟ

ಬೆಟ್ಟ ಅಂದರೆ ಡೈನೋಸಾರಿನ ಎಲುಬಿನ ಉಗ್ರಾಣ ಅಂತ ಈಗಿನ ಮಕ್ಕಳು ನಂಬಿಬಿಟ್ಟಿವೆ. ಸಿನಿಮಾದ ಮಹಿಮೆ. ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿ ಕಡೆ ಹೊರಟು ಕಲ್ಲತ್ತಿಗಿರಿಯಲ್ಲಿ ಗಾಡಿ ನಿಲ್ಲಿಸಿದರೆ ಸಾಕು, ವೀರಭದ್ರನಿಗೆ ಕೈ ಮುಗಿಯುವ ಮೊದಲೇ ಮೊಮ್ಮಗನ ಪ್ರಶ್ನೆ: "ತಾತ, ಇಲ್ಲಿ ಅಗೆದರೆ ಎಲುಬು ಸಿಗುತ್ತಾ?"

ಎಲ್ಲಿಂದ ಸಿಗಬೇಕು? ಬೆನ್ನುಮೂಳೆಯ ಜೀವಿಗಳು ಭೂಮಿಗೆ ಬಂದು ಐವತ್ತು ಕೋಟಿ ವರ್ಷದ ಆಸುಪಾಸು. ಬಾಬಾಬುಡನ್ ಸಾಲಿನ ಈ ಕಲ್ಲುಗಳಿಗೆ 270ರಿಂದ 290 ಕೋಟಿ. ಮುತ್ತಜ್ಜನ ಮದುವೆ ಫೋಟೊದಲ್ಲಿ ಮರಿಮಗನ ಮುಖ ಹುಡುಕಿದ ಹಾಗಾಯಿತು.

ಎಲುಬೇ ಬೇಕು ಅನ್ನುವವರು ತೆಲಂಗಾಣದ ಗೋದಾವರಿ ಕಣಿವೆಗೆ ಹೋಗಬೇಕು. ಅಲ್ಲಿನ ಕೋಟಾ ಪದರಗಳಲ್ಲಿ ಸಿಕ್ಕ ಬರಪಾಸಾರಸ್ ಈಗ ಕೊಲ್ಕತ್ತಾದಲ್ಲಿ ನಿಂತಿದೆ; ಅದೂ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ! ಲೆಕ್ಕದವರ ಮನೆಯಲ್ಲಿ ಡೈನೋಸಾರು. ಅದರ ಹೆಸರಿನ ಬಾಲಕ್ಕೆ ಟ್ಯಾಗೋರರನ್ನೂ ಸೇರಿಸಿದ್ದಾರೆ. ಬಂಗಾಳಿಗಳು ಬಿಡ್ತಾರೆಯೇ?

ನನ್ನ ಕೇಳಿದರೆ ನಮ್ಮ ಬೆಟ್ಟದ ಕಥೆಯೇ ಹೆಚ್ಚು ರೋಚಕ. ಸಾಲಿನ ತಳದಲ್ಲಿ ಹಳೆಯ ಹೊಳೆಗಳು ಉರುಳಿಸಿ ತಂದ ಬೆಣಚಿನ ಉಂಡೆಗಲ್ಲುಗಳು ಒಂದಕ್ಕೊಂದು ಬೆಸೆದು ಕೂತಿವೆ. ಅವುಗಳ ಸಂದಿಯಲ್ಲಿ ಪೈರೈಟ್, ಯುರೇನಿನೈಟ್ ಕಾಳುಗಳು. ಇವತ್ತಿನ ಹೊಳೆಯಲ್ಲಿ ಪೈರೈಟ್ ಅಷ್ಟು ದೂರ ಉರುಳಿದರೆ ತುಕ್ಕು ಹಿಡಿದು ಕರಗಿಹೋಗುತ್ತೆ. ಆಗ ಹಾಗಾಗಲಿಲ್ಲ. ಯಾಕೆ? ಗಾಳಿಯಲ್ಲಿ ಆಮ್ಲಜನಕ ಹೆಚ್ಚುಕಮ್ಮಿ ಇರಲೇ ಇಲ್ಲ.

ಮೇಲಕ್ಕೆ ಹೋದರೆ ಕಬ್ಬಿಣದ ಪಟ್ಟೆಗಲ್ಲು. ಒಂದು ತುಂಡು ಕೈಗೆ ತಗೊಳ್ಳಿ, ಗಾತ್ರಕ್ಕಿಂತ ಭಾರ. ಒಂದು ಗೆರೆ ಕಪ್ಪುಗೆಂಪು ಕಬ್ಬಿಣ, ಪಕ್ಕದ್ದು ಮಾಸಲು ಬಿಳಿ ಸಿಲಿಕಾ, ಮತ್ತೆ ಕಬ್ಬಿಣ. ಕೆಲವು ಗೆರೆ ಉಗುರಿನಷ್ಟೂ ದಪ್ಪವಿಲ್ಲ. ಸಮುದ್ರದ ನೀರಲ್ಲಿ ಕರಗಿದ್ದ ಕಬ್ಬಿಣ ತಳ ಸೇರಿದ್ದು ಹೀಗೆ. ಅದನ್ನು ತಳಕ್ಕೆ ಇಳಿಸಿದ್ದರಲ್ಲಿ ಕಣ್ಣಿಗೆ ಕಾಣದ ಜೀವಾಣುಗಳ ಕೈವಾಡವಿತ್ತು ಅಂತ ಬಹಳ ಮಂದಿ ವಿಜ್ಞಾನಿಗಳ ಅಭಿಪ್ರಾಯ. ಅಂಥವೇ ಜೀವಾಣುಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟುಗಳು ಶಿವಮೊಗ್ಗದ ಕುಂಸಿಯಲ್ಲೂ ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯಲ್ಲೂ ಸಿಕ್ಕಿವೆ. ನಮ್ಮ ನೆಲದ ಫಾಸಿಲ್ಲು ಅಂದರೆ ಅವೇ, ಎಲುಬಿನ ಗೋಜೇ ಇಲ್ಲ.

ಇಷ್ಟು ಹೇಳಿದರೆ ಮೊಮ್ಮಗ ಆಕಳಿಸುತ್ತಾನೆ. ಆಗ ರೋಪ್‌ವೇ ಕಥೆ ತೆಗೆಯಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತಲ್ಲ, ಅದಕ್ಕೆ ಅದಿರು ಹೋಗುತ್ತಿದ್ದದ್ದು ಇದೇ ಕೆಮ್ಮಣ್ಣುಗುಂಡಿಯಿಂದ. ಅದಿರು ತುಂಬಿದ ತೊಟ್ಟಿಗಳು ತಂತಿಗೆ ಜೋತುಬಿದ್ದು ಕಾಡಿನ ತಲೆಮೇಲೆ ತೇಲುತ್ತ ತಣಿಗೆಬೈಲಿಗೆ ಇಳಿಯುತ್ತಿದ್ದವು. ಹುಡುಗನ ಕಣ್ಣು ಅರಳುತ್ತೆ.

"ಅದರಲ್ಲಿ ಮನುಷ್ಯರೂ ಕೂತು ಹೋಗ್ತಿದ್ರಾ ತಾತ?"